ದೊಡ್ಡಪ್ಪನ ಸ್ಕ್ಯಾನ್ ರಿಪೋರ್ಟು, ಬ್ರಾಹ್ಮಿ, ಮತ್ತೆ ಬಿ12

ಅಕ್ಕಾ, ದೊಡ್ಡಪ್ಪನ ಎಂಆರ್‌ಐ ರಿಪೋರ್ಟಲ್ಲಿ ವಯಸ್ಸಿಗೆ ತಕ್ಕ ಹಾಗೆ ಮೆದುಳು ಕುಗ್ಗಿದೆ ಅಂತ ಬಂದಿದೆ, ಬ್ರಾಹ್ಮಿ ಕೊಟ್ರೆ ಮತ್ತೆ ತುಂಬ್ಕೊಳ್ಳುತ್ತಾ ಅಂತ ಕೇಳಿದ್ರಲ್ಲ, ಹೇಳ್ತೀನಿ ಕೇಳಿ.

ಬರೀ ಆ ಒಂದು ಸಾಲಿಗೆ ಗಾಬರಿ ಆಗ್ಬೇಡಿ. 75 ದಾಟಿದವರ ಸ್ಕ್ಯಾನಲ್ಲಿ ಅದು ತುಂಬಾ ಸಾಮಾನ್ಯ. ಆದ್ರೆ ಕುಗ್ಗಿದ್ದನ್ನ ವಾಪಸ್ ತುಂಬಿಸುತ್ತೆ ಅಂತ ಸಾಬೀತಾದ ಮೂಲಿಕೆ ಒಂದೂ ಇಲ್ಲ. ನೆನಪಿಗೆ ಸ್ವಲ್ಪ ಆಸರೆ ಆಗಬಹುದು, ಅಷ್ಟೇ.

ಬ್ರಾಹ್ಮಿ ಅನ್ನೋ ಹೆಸರಲ್ಲೇ ಎಡವಟ್ಟಿದೆ, ಎರಡು ಗಿಡಕ್ಕೆ ಅದೇ ಹೆಸರು. ನಾವು ತಂಬುಳಿ ಮಾಡೋದು ಒಂದೆಲಗ, ಚರಕ ಹೇಳಿರೋ ಮಂಡೂಕಪರ್ಣಿ ಅದೇ. ನೀರುಬ್ರಾಹ್ಮಿ ಬೇರೆ ಗಿಡ, ಪುಟ್ಟ ದಪ್ಪ ಎಲೆ, ವಿಪರೀತ ಕಹಿ. ನೆನಪಿನ ಪ್ರಯೋಗಗಳು ಹೆಚ್ಚಾಗಿ ನಡೆದಿರೋದು ನೀರುಬ್ರಾಹ್ಮಿ ಮೇಲೆ: ದಿನಕ್ಕೆ 300 ಮಿಲಿಗ್ರಾಂ ಸತ್ವ, 12 ವಾರ. ಸತ್ವದ ಲೆಕ್ಕ ಬೇರೆ, ಪುಡಿ ಲೆಕ್ಕ ಬೇರೆ, ಎರಡನ್ನ ಒಂದೇ ಅಂದ್ಕೋಬೇಡಿ. ಖಾಲಿ ಹೊಟ್ಟೇಲಿ ಕೊಟ್ರೆ ಹೊಟ್ಟೆ ನುಲಿಯುತ್ತೆ, ಭೇದಿ ಆಗುತ್ತೆ. ಊಟ ಆದ್ಮೇಲೆ ಕೊಡಿ. ಮರೆವಿಗೆ ಡೊನೆಪೆಜಿಲ್ ಮಾತ್ರೆ ಶುರು ಮಾಡಿದ್ರೆ ಡಾಕ್ಟರಿಗೆ ಹೇಳದೆ ಇದನ್ನ ಸೇರಿಸ್ಲೇಬೇಡಿ, ಎರಡೂ ಒಂದೇ ದಿಕ್ಕಲ್ಲಿ ಕೆಲಸ ಮಾಡಿ ನಾಡಿ ನಿಧಾನ ಆಗಬಹುದು, ತಲೆ ಸುತ್ತಿ ಬೀಳಬಹುದು.

ಜ್ಯೇಷ್ಠಮಧು ಹಾಲಿಗೆ ಹಾಕಿ ಕೊಡಿ ಅಂತ ಗುಂಪಲ್ಲಿ ಯಾರೋ ಬರೆದಿದಾರೆ. ಚರಕದ ನಾಲ್ಕು ಮೇಧ್ಯ ರಸಾಯನದಲ್ಲಿ, ಅಂದ್ರೆ ಬುದ್ಧಿ, ನೆನಪಿಗೆ ಹೇಳಿರೋ ಮದ್ದಲ್ಲಿ, ಅದೂ ಒಂದು, ನಿಜ. ಆದ್ರೆ ದೊಡ್ಡಪ್ಪನಿಗೆ ಬಿಪಿ ಇದೆ, ಮೂತ್ರ ಹೆಚ್ಚು ಹೋಗೋ ಹಾಗೆ ಮಾಡೋ ನೀರಿನ ಮಾತ್ರೆ ಬೇರೆ ನಡೀತಿದೆ. ದಿನಾ ಜ್ಯೇಷ್ಠಮಧು ಹೋದ್ರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ಬೇಡ. ಸ್ಮೃತಿಸಾಗರ ರಸ ಅನ್ನೋ ಆಯುರ್ವೇದದ ಮದ್ದು ಅಂಗಡೀಲಿ ಕೇಳಿ ತರೋದಂತೂ ಬೇಡವೇ ಬೇಡ, ಅದರಲ್ಲಿ ಪಾದರಸ, ಹರತಾಳ (ಆರ್ಸೆನಿಕ್ ಇರೋ ಖನಿಜ) ಇರುತ್ತೆ.

ತಂಬುಳಿ ಧಾರಾಳವಾಗಿ ಮಾಡಿ, ವಾರಕ್ಕೆ ಎರಡು ಮೂರು ಸಲ. ಹದಿನೈದು ಇಪ್ಪತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿ. ಮೋರಿ ಬದಿ ಸೊಪ್ಪು ತರಬೇಡಿ, ಕೊಳಚೆ ನೀರಿನ ಸೀಸ ಎಲ್ಲ ಹೀರ್ಕೊಂಡಿರುತ್ತೆ.

ಇದೆಲ್ಲಕ್ಕಿಂತ ಮೊದಲು ಬಿ12, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಸಸ್ಯಾಹಾರಿ, ಮೇಲಾಗಿ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ. ಬಿ12 ಕಡಿಮೆ ಇರೋ ಸಾಧ್ಯತೆ ಜಾಸ್ತಿ. ಅದರಿಂದ ಬಂದ ಮರೆವು ಬೇಗ ಹಿಡಿದ್ರೆ ಸರಿಹೋಗುತ್ತೆ, ತಡ ಮಾಡಿದ್ರೆ ಪೂರ್ತಿ ವಾಪಸ್ ಬರಲ್ಲ. ಇನ್ನೊಂದು, ಕಾಲು ನೆಲಕ್ಕೆ ಅಂಟಿದ ಹಾಗೆ ನಡೀತಾರಾ, ಮೂತ್ರ ತಡೆಯೋಕಾಗ್ತಿಲ್ವಾ, ಗಮನಿಸಿ. ಹಾಗಿದ್ರೆ ನರರೋಗದ ಡಾಕ್ಟರ ಹತ್ರ ಅದನ್ನ ಬಿಡಿಸಿ ಹೇಳಿ. ತಲೆಯೊಳಗೆ ನೀರು ತುಂಬಿ ಹಿಗ್ಗಿರೋದೂ ಸ್ಕ್ಯಾನಲ್ಲಿ ಕುಗ್ಗಿದ ಹಾಗೇ ಕಾಣಬಹುದು, ಅದಕ್ಕೆ ಆಪರೇಷನ್ ಇದೆ.

ನಡಿಗೆ ಬಿಡಿಸ್ಬೇಡಿ. 2011ರಲ್ಲಿ ಅಮೆರಿಕದಲ್ಲಿ 120 ಹಿರಿಯರ ಮೇಲೆ ಒಂದು ವರ್ಷ ಅಧ್ಯಯನ ಮಾಡಿದ್ರು. ವಾರಕ್ಕೆ ಮೂರು ದಿನ 40 ನಿಮಿಷ ಬಿರುಸಾಗಿ ನಡೆದವರಲ್ಲಿ ಮೆದುಳಿನ ನೆನಪಿನ ಭಾಗ ಸುಮಾರು ಶೇಕಡ 2 ಹಿಗ್ಗಿತ್ತು, ಬರೀ ಮೈ ಸಡಿಲಿಸೋ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ದೊಡ್ಡಪ್ಪನಿಗೆ ಹತ್ತು ನಿಮಿಷದಿಂದ ಶುರು ಮಾಡ್ಸಿ, ಯಾರಾದ್ರೂ ಜೊತೆಗಿರಲಿ.

ಈಗ ಕೊಡ್ತಿರೋ ಬ್ರಾಹ್ಮಿ ಬಾಟಲಿ ಹಿಂಬದಿ ಫೋಟೋ ತೆಗೆದು ಹಾಕಿ ಅಕ್ಕಾ, ಬಾಕೋಪಾ (ನೀರುಬ್ರಾಹ್ಮಿ) ಅಂತಿದ್ಯೋ ಸೆಂಟೆಲ್ಲಾ (ಒಂದೆಲಗ) ಅಂತಿದ್ಯೋ ನೋಡೋಣ.