ಸಹಾಯ ಬೇಕು: ಮಗ ಹೆಸರು ಕರೆದರೆ ತಿರುಗಲ್ಲ

ಶರಣು ಅಕ್ಕಾ, ಅಣ್ಣಾ. ನಾವು ಸುರಪುರದವರು. ಮಗನಿಗೆ ಒಂದೂವರೆ ವರ್ಷ. ಹತ್ತು ಸಲ ಹೆಸರು ಕರೆದರೂ ತಿರುಗಿ ನೋಡಲ್ಲ. ಆದರೆ ಅತ್ತೆ ರೊಟ್ಟಿ ಬಡಿಯೋ ಸಪ್ಪಳ ಕೇಳಿದರೆ ಸಾಕು, ಪಡಸಾಲೆಯಿಂದ ಓಡಿ ಬರ್ತಾನೆ. ಹಾಗಾಗಿ ಕಿವಿ ಕೇಳುತ್ತೆ ಅಂತ ನಮ್ಮ ಲೆಕ್ಕ. ಪರೀಕ್ಷೆ ಇನ್ನೂ ಮಾಡಿಸಿಲ್ಲ. ಆಟಿಸಂ (ಮಗು ಬೇರೆಯವರ ಜೊತೆ ಬೆರೆಯೋದು, ಮಾತಾಡೋದು ಬೇರೆ ಥರ ಇರೋ ಬೆಳವಣಿಗೆಯ ಸ್ಥಿತಿ) ಇರಬಹುದಾ ಅಂತ ಭಯ.

ನಾಲ್ಕು ತಿಂಗಳ ಬಸುರಿ ಇದ್ದಾಗ ನನಗೆ ಡೆಂಗಿ ಆಗಿತ್ತು. ಐದು ದಿನ 103 ಡಿಗ್ರಿ ಜ್ವರ. ತಾಯಿ ಕಾರ್ಡ್‌ನಲ್ಲಿ ಬರೆದಿದ್ದು ಬರೀ ‘ಜ್ವರ’ ಅಂತ. ಈಗ ಓದಿ ತಿಳಿದದ್ದು: ಸೋಂಕಿನ ವಿರುದ್ಧ ತಾಯಿ ದೇಹ ಹೋರಾಡುವಾಗ ಇಂಟರ್‌ಲ್ಯೂಕಿನ್-6 ಥರದ ಉರಿಯೂತದ ಸಂಕೇತಗಳು ಏರುತ್ತವೆ. ಅವು ಹೊಟ್ಟೆಯೊಳಗಿನ ಮಗುವಿನ ಮೆದುಳನ್ನೂ ತಟ್ಟಬಹುದಂತೆ. ಇಲಿಗಳಲ್ಲಿ ಇದನ್ನು ತೋರಿಸಿದ್ದಾರೆ. ಜ್ವರ ಬಂದ ಬಹುಪಾಲು ತಾಯಂದಿರ ಮಕ್ಕಳು ಚೆನ್ನಾಗೇ ಇರ್ತಾರೆ ಅಂತಾನೂ ಓದಿದೆ, ಆದರೂ ರಾತ್ರಿ ನಿದ್ದೆ ಬರ್ತಿಲ್ಲ. ಅತ್ತೆ ಅಂತೂ ಗ್ರಹಣದಲ್ಲಿ ಹೊರಗೆ ಹೋಗಿದ್ದಕ್ಕೆ ಅಂತಾರೆ. ಇರಲಿ ಬಿಡಿ.

ನಿಮ್ಮಲ್ಲಿ ಯಾರಾದರೂ ಮಗುವನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಿಇಐಸಿ ಕೇಂದ್ರಕ್ಕೆ (ಮಕ್ಕಳ ಬೆಳವಣಿಗೆ ತೊಂದರೆ ಬೇಗ ಗುರುತಿಸಿ ನೆರವು ಕೊಡೋ ಜಿಲ್ಲಾ ಕೇಂದ್ರ) ಕರೆದುಕೊಂಡು ಹೋಗಿದ್ದೀರಾ? ಅಂಗನವಾಡಿಯಿಂದ ಚೀಟಿ ಬೇಕಾ, ಸುಮ್ನೆ ಹೋದರೂ ನೋಡ್ತಾರಾ? ಕಿವಿ ಪರೀಕ್ಷೆ, ಮಾತಿನ ತರಬೇತಿ ಎರಡೂ ಕಲಬುರಗಿಯಲ್ಲಿ ಒಂದೇ ಕಡೆ ಸಿಗುತ್ತಾ? ಚಿಕ್ಕ ಮಕ್ಕಳಲ್ಲಿ ಆಟಿಸಂ ಸುಳಿವು ಇದೆಯಾ ಅಂತ ಪೋಷಕರನ್ನು ಕೇಳೋ ಎಂ-ಚಾಟ್-ಆರ್‌ನ 20 ಪ್ರಶ್ನೆಗಳ ಕನ್ನಡ ಪ್ರತಿ ಇದ್ದರೆ ದಯವಿಟ್ಟು ಇಲ್ಲೇ ಹಾಕಿ.