ಬಾಯಿಯ ಸ್ನಾಯುಗಳಿಗೆ ವ್ಯಾಯಾಮ ಮಾಡಿಸಿದರೆ ಮಗುವಿನ ಮಾತು ಸ್ಪಷ್ಟವಾಗುವುದೇ?

ಪ್ರಶ್ನೆ:
ನಮ್ಮ ಮಗನಿಗೆ 3 ವರ್ಷ 8 ತಿಂಗಳು. ‘ಕಾಗೆ’ ಎನ್ನಲು ಹೋಗಿ ‘ತಾದೆ’ ಎನ್ನುತ್ತಾನೆ. ಅವನ ಮಾತು ಹೊರಗಿನವರಿಗೆ ಅರ್ಧದಷ್ಟೂ ತಿಳಿಯುವುದಿಲ್ಲ. ನುಣ್ಣಗೆ ಕಲಸಿದ ಊಟವನ್ನು ಸಲೀಸಾಗಿ ನುಂಗುವವನು, ಸ್ವಲ್ಪ ಗಟ್ಟಿಯಾದುದನ್ನು ಕೊಟ್ಟರೆ ಕೆನ್ನೆಯಲ್ಲಿ ಇಟ್ಟುಕೊಂಡು ಕೂರುತ್ತಾನೆ, ಇಲ್ಲವೇ ಉಗುಳುತ್ತಾನೆ. ಪೀಪಿ ಊದಿಸಿ, ನಾಲಿಗೆ ಚಾಚಿಸಿ, ಸ್ನಾಯುಗಳು ಗಟ್ಟಿಯಾಗುತ್ತವೆ ಎಂದು ಬಂಧುಗಳು ಹೇಳುತ್ತಿದ್ದಾರೆ. ದಿನಕ್ಕೆ ಎಷ್ಟು ಹೊತ್ತು ಮಾಡಿಸಬೇಕು?

ಉತ್ತರ 1 (ಒಬ್ಬ ತಂದೆ):
ನಾವು ಮಗಳಿಗೆ ಒಂದು ವರ್ಷ ಪೀಪಿ, ಸಾಬೂನಿನ ಗುಳ್ಳೆ ಎಲ್ಲವನ್ನೂ ಊದಿಸಿದೆವು. ಈಗ ಅವಳ ಮಾತು ಸ್ಪಷ್ಟವಾಗಿದೆ. ನೀವೂ ಮಾಡಿಸಿ ನೋಡಿ.

ಉತ್ತರ 2 (ವಾಕ್ ಚಿಕಿತ್ಸಕಿ):
ಆ ಒಂದು ವರ್ಷದಲ್ಲಿ ಮಗುವೂ ಬೆಳೆದಿತ್ತು ಎಂಬುದನ್ನು ಮರೆಯಬಾರದು. ತುಟಿ, ನಾಲಿಗೆಗಳಿಗೆ ಇರುವ ಗರಿಷ್ಠ ಬಲದಲ್ಲಿ ಸಣ್ಣ ಭಾಗವಷ್ಟೇ ಮಾತಿಗೆ ಬೇಕಾಗುತ್ತದೆ. ಬೇಕಾದದ್ದು ವೇಗ ಮತ್ತು ಹೊಂದಾಣಿಕೆ. ಊದುವಾಗ ಮೃದು ಅಂಗುಳು, ಅಂದರೆ ಬಾಯಿಯ ಮೇಲ್ಭಾಗದ ಹಿಂದಿನ ಮೆತ್ತನೆಯ ಭಾಗ, ಕೆಲಸ ಮಾಡುವ ರೀತಿಯೇ ಬೇರೆ, ಮಾತನಾಡುವಾಗಿನ ರೀತಿಯೇ ಬೇರೆ. ಆದ್ದರಿಂದ ಊದುವ ಆಟ ಆಟವಾಗಿ ಇರಲಿ, ಅದನ್ನು ಚಿಕಿತ್ಸೆ ಎಂದುಕೊಳ್ಳಬೇಡಿ.

‘ಕ’ ಹೇಳಲು ನಾಲಿಗೆಯ ಹಿಂಭಾಗ ಮೇಲೇಳಬೇಕು. ನಿಮ್ಮ ಮಗ ಅದರ ಬದಲು ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ‘ತ’ ಎನ್ನುತ್ತಿದ್ದಾನೆ. ಇಂತಹ ಅದಲುಬದಲು ಬಹುಮಟ್ಟಿಗೆ ಧ್ವನಿವ್ಯತ್ಯಾಸವನ್ನು ಕಲಿಯುವ ವಿಷಯವೇ ಹೊರತು ಬಲದ ಕೊರತೆಯಲ್ಲ. ‘ಕಾಯಿ’ ಮತ್ತು ‘ತಾಯಿ’ ಚಿತ್ರಗಳನ್ನು ಮುಂದಿಟ್ಟು, ಅವನು ಯಾವುದನ್ನು ಹೇಳಿದನೋ ಅದನ್ನೇ ಕೊಡಿ. ತಪ್ಪು ಚಿತ್ರ ಕೈಗೆ ಬಂದಾಗ ವ್ಯತ್ಯಾಸ ತಾನಾಗಿಯೇ ಅರಿವಿಗೆ ಬರುತ್ತದೆ. ಇದಕ್ಕೂ ಮೊದಲು ಶ್ರವಣ ಪರೀಕ್ಷೆ ಆಗಲೇಬೇಕು. ಸಾಮಾನ್ಯವಾಗಿ 4 ವರ್ಷದ ಮಗುವಿನ ಬಹುಪಾಲು ಮಾತು ಅಪರಿಚಿತರಿಗೂ ತಿಳಿಯುತ್ತದೆ, ಹಾಗಾಗಿ ಕಾಯುತ್ತಾ ಕೂರದೆ ವಾಕ್ ಚಿಕಿತ್ಸಕರನ್ನು ಕಾಣಿ.

ಅಗಿಯುವುದು ಬೇರೆ ಕೌಶಲ, ಅದು ಅಗಿದೇ ಬರಬೇಕು. ಬೆರಳಿನಿಂದ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದ ಉದ್ದನೆಯ ತುಂಡನ್ನು ಬಾಯಿಯ ಪಕ್ಕದ ಹಲ್ಲುಗಳ ನಡುವೆ ಇಡಿ. ಆಗ ನಾಲಿಗೆ ಪಕ್ಕಕ್ಕೆ ಹೊರಳಿ ತುತ್ತನ್ನು ತಳ್ಳಲು ಕಲಿಯುತ್ತದೆ. ಬೆನ್ನು ನೆಟ್ಟಗಿರಲಿ, ಪಾದಗಳಿಗೆ ಆಸರೆ ಇರಲಿ. ಇಡೀ ಬೀಜಗಳನ್ನು ಈ ವಯಸ್ಸಿಗೆ ಕೊಡಬೇಡಿ.

ಸ್ನಾಯುಗಳ ದೌರ್ಬಲ್ಯ ನಿಜವಾಗಿಯೂ ಇರುವ ಮಕ್ಕಳಿದ್ದಾರೆ. ಹುಟ್ಟಿನಿಂದಲೇ ಇರುವ ಡೌನ್ ಸಿಂಡ್ರೋಮ್, ಮಿದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಇದು ಕಾಣುತ್ತದೆ. ಸದಾ ತೆರೆದ ಬಾಯಿ, ನಿಲ್ಲದ ಜೊಲ್ಲು, ನುಂಗುವಾಗ ಪದೇಪದೇ ಕೆಮ್ಮು ಇದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ಪ್ರಶ್ನೆ ಕೇಳಿದವರು:
ಜೊಲ್ಲಾಗಲಿ ಕೆಮ್ಮಾಗಲಿ ಇಲ್ಲ, ಆದರೆ ಗಟ್ಟಿ ತುತ್ತಿಗೆ ಓಕರಿಸುತ್ತಾನೆ. ಆಗ ನಿಲ್ಲಿಸಬೇಕೆ?

ಉತ್ತರ 2:
ಓಕರಿಕೆ ದೇಹದ ರಕ್ಷಣಾ ಕ್ರಮ. ಸದ್ದು, ಉಸಿರು ಎರಡೂ ಇದ್ದರೆ ಸುಮ್ಮನಿದ್ದು, ತುಂಡನ್ನು ಚಿಕ್ಕದು ಮಾಡಿ ಮುಂದುವರಿಸಬಹುದು. ಬಲವಂತ ಮಾತ್ರ ಬೇಡ. ಸದ್ದೇ ಇಲ್ಲದೆ, ಕೆಮ್ಮಲೂ ಆಗದೆ ಮುಖದ ಬಣ್ಣ ಬದಲಾದರೆ ಅದು ಉಸಿರುಗಟ್ಟುವಿಕೆ, ತಕ್ಷಣ ಪ್ರಥಮ ಚಿಕಿತ್ಸೆ ಬೇಕು. ಅದನ್ನು ಮನೆಯವರೆಲ್ಲರೂ ಮೊದಲೇ ಕಲಿತಿರಿ.

ಪ್ರಶ್ನೆ ಕೇಳಿದವರು:
ಶ್ರವಣ ಪರೀಕ್ಷೆಗೆ ದಿನ ಗೊತ್ತುಮಾಡಿದ್ದೇವೆ. ನಿನ್ನೆ ಅವನು ‘ತಾಯಿ’ ಚಿತ್ರವನ್ನು ನಾಲ್ಕು ಬಾರಿ ಪಡೆದು, ಐದನೆಯ ಬಾರಿ ಸಿಟ್ಟಿನಿಂದ ‘ಕಾಯಿ’ಗೆ ತೀರಾ ಹತ್ತಿರವಾದುದನ್ನು ಹೇಳಿದ.