ತರಗತಿಗೆ ಮೊದಲೇ ಕಾರ್ಡ್ ವಿಂಗಡಣೆ: ಅಕಶೇರುಕಗಳ (ಬೆನ್ನೆಲುಬಿಲ್ಲದ ಪ್ರಾಣಿಗಳ) ಪಾಠಕ್ಕೆ ಹೇಗೆ ಹೊಂದಿಸುವುದು?

ಕಡಲತಡಿ_ಕಾರವಾರ:
ಬಿಎಸ್ಸಿ ಮೊದಲ ವರ್ಷ, ಪ್ರಾಣಿಶಾಸ್ತ್ರ, 60 ಮಕ್ಕಳು. ಪ್ರಾಣಿಗಳ ಕಾರ್ಡ್ ಜೊತೆ ವಂಶಗಳ (ಫೈಲಮ್) ಹೆಸರು ಕೊಟ್ಟು ಮನೆಯಲ್ಲಿ ವಿಂಗಡಿಸಿ ಬನ್ನಿ ಎಂದರೆ ಗೂಗಲ್ ನೋಡಿ ಎಲ್ಲವನ್ನೂ ಸರಿ ಮಾಡಿಕೊಂಡು ಬರುತ್ತಾರೆ. ತರಗತಿಯಲ್ಲಿ ಚರ್ಚೆಗೆ ಏನೂ ಉಳಿಯುವುದಿಲ್ಲ. ದಾರಿ ಇದೆಯೇ?

ಅಘನಾಶಿನಿ_ದಂಡೆ:
ವಂಶದ ಹೆಸರನ್ನೇ ಕೊಡಬೇಡಿ ಸರ್. ‘ತೋಚಿದಂತೆ 4ರಿಂದ 7 ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಸಾಲು ಕಾರಣ ಬರೆಯಿರಿ’ ಎನ್ನಿ. ಆ ಕಾರಣದ ಸಾಲೇ ಮುಖ್ಯ, ಗುಂಪಲ್ಲ.

16 ಕಾರ್ಡ್ ಸಾಕು: ಸ್ಪಂಜು, ಲೋಳೆಮೀನು, ಕಡಲಹೂ, ಹವಳ, ಲಾಡಿಹುಳು, ಜಂತುಹುಳು, ಉಂಬಳ, ಎರೆಹುಳು, ನೀರಿಸ್ (ಕಡಲ ಹುಳು), ಬೆಳಚು, ಬಸವನಹುಳು, ಸ್ಕ್ವಿಡ್, ಶೆಟ್ಲಿ (ಸಿಗಡಿ), ಏಡಿ, ಬಾರ್ನಕಲ್, ನಕ್ಷತ್ರಮೀನು. ಇದರಲ್ಲಿ ಎರಡು ಬೇಕೆಂದೇ ಇಟ್ಟ ಬಲೆ. ಬಂಡೆಗೂ ದೋಣಿಯ ತಳಕ್ಕೂ ಅಂಟುವ ಬಾರ್ನಕಲ್‌ಗೆ ಚಿಪ್ಪಿರುವುದರಿಂದ ಬೆಳಚಿನ ಜೊತೆ ಹೋಗುತ್ತದೆ. ಆದರೆ ಅದಕ್ಕೆ ಕೀಲುಗಾಲುಗಳಿವೆ, ಮರಿ ನಾಪ್ಲಿಯಸ್ (ಏಡಿ-ಶೆಟ್ಲಿ ಬಳಗದಲ್ಲಿ ಕಾಣುವ ಈಜುವ ಮರಿ), ಹಾಗಾಗಿ ಅದು ಏಡಿಯ ಬಳಗ. ಲಾಡಿಹುಳುವಿನ ತುಂಡುಗಳನ್ನು ನೋಡಿ ಎರೆಹುಳುವಿನ ಜೊತೆ ಇಡುತ್ತಾರೆ. ಅದಕ್ಕೆ ದೇಹಕುಹರವೇ (ಮೈಗೋಡೆಗೂ ಕರುಳಿಗೂ ನಡುವಿನ ಪೊಳ್ಳು) ಇಲ್ಲ, ಆ ತುಂಡುಗಳು ನಿಜವಾದ ಖಂಡಗಳೂ ಅಲ್ಲ.

1981ರ ಭೌತಶಾಸ್ತ್ರದ ಪ್ರಸಿದ್ಧ ಅಧ್ಯಯನದಲ್ಲೂ, ಹೊಸಬರು ಹೊರನೋಟ ನೋಡಿ ಗುಂಪು ಮಾಡುವ ಇದೇ ಚಾಳಿ ಕಂಡದ್ದು: ಹೊಸಬರು ಲೆಕ್ಕಗಳನ್ನು ಇಳಿಜಾರು, ಸ್ಪ್ರಿಂಗ್ ಎಂದು ಗುಂಪು ಮಾಡಿದರು, ಪಳಗಿದವರು ಶಕ್ತಿಯ ಸಂರಕ್ಷಣೆಯಂಥ ನಿಯಮ ಹಿಡಿದು ಮಾಡಿದರು.

ಘಟ್ಟದಮೇಲೆ_ಶಿರಸಿ:
ಆನ್‌ಲೈನ್ ಮಾಡಲು ಹೋಗಬೇಡಿ, ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಒಂದು ಎ4 ಹಾಳೆಯನ್ನು 4×4 ಕತ್ತರಿಸಿದರೆ ಸುಮಾರು 5×7 ಸೆಂ.ಮೀ.ನ 16 ಕಾರ್ಡ್. ಮೂವರಿಗೊಂದು ಕಟ್ಟು, 60 ಜನಕ್ಕೆ 20 ಹಾಳೆ. ಮಾಮೂಲಿ ಜೆರಾಕ್ಸ್ ಹಾಳೆ ಮಳೆಗಾಲದ ತೇವಕ್ಕೆ ಸುರುಟುತ್ತದೆ. ದಪ್ಪ ಕಾರ್ಡ್‌ಶೀಟ್ ಹಾಕಿ, ಜಿಪ್ ಕವರಿನಲ್ಲಿ ಕೊಡಿ. ಹಿಂದೆ ಸಂಖ್ಯೆ ಬರೆದಿರಲಿ, ಕಳೆದದ್ದು ಯಾವುದೆಂದು ತಕ್ಷಣ ತಿಳಿಯುತ್ತದೆ. ಚಿತ್ರದ ಜೊತೆ ‘ಸಮುದ್ರದಲ್ಲಿ ವಾಸ’ ಎಂದೆಲ್ಲ ಬರೆಯಬೇಡಿ, ಹಾಗೆ ಬರೆದರೆ ಎಲ್ಲರೂ ವಾಸಸ್ಥಾನದ ಮೇಲೇ ಗುಂಪು ಮಾಡುತ್ತಾರೆ.

ಕಡಲತಡಿ_ಕಾರವಾರ:
ಅಂಕ ಕೊಡಬೇಕೇ?

ಅಘನಾಶಿನಿ_ದಂಡೆ:
ಮಾಡಿದ್ದಕ್ಕೆ ಮಾತ್ರ, ಸರಿ-ತಪ್ಪಿಗೆ ಬೇಡ. ಸರಿಗೆ ಅಂಕ ಇಟ್ಟರೆ ಮತ್ತೆ ಗೂಗಲ್ಲೇ. ಗುಂಪುಗಳ ಫೋಟೊವನ್ನು ತರಗತಿಗೆ ಬಂದ ಮೇಲೆ ತೋರಿಸಿದರೂ ಆದೀತು. ಇಪ್ಪತ್ತು ತಂಡಗಳದ್ದನ್ನೂ ಪೂರ್ತಿ ಓದುವ ಗೋಜು ಬೇಡ: ಬಾರ್ನಕಲ್ ಎಲ್ಲಿದೆ, ಲಾಡಿಹುಳು ಎಲ್ಲಿದೆ ಎಂದಷ್ಟೇ ಎಣಿಸಿ. ಹೆಚ್ಚು ತಂಡಗಳು ಎಡವಿದ ಕಾರ್ಡಿನಿಂದಲೇ ಪಾಠ ಶುರು ಮಾಡಿ. ಮೊದಲ 10 ನಿಮಿಷ, ಬೇರೆ ಬೇರೆ ಕಡೆ ಇಟ್ಟ ಎರಡು ತಂಡಗಳನ್ನು ಎದುರುಬದುರು ಕೂರಿಸಿ ಕಾರಣ ಹೇಳಿಸಿ. ಆಮೇಲೆ ಸಮ್ಮಿತಿ (ದೇಹವನ್ನು ಸರಿಸಮ ಭಾಗಗಳಾಗಿ ಹೇಗೆ ಸೀಳಬಹುದು ಎಂಬುದು), ದೇಹಕುಹರ, ಖಂಡಗಳು ಎಂಬ ಮೂರು ಆಧಾರ ಕೊಟ್ಟು ಅದೇ ಕಟ್ಟನ್ನು ಮತ್ತೆ ವಿಂಗಡಿಸಲು ಬಿಡಿ. ನಕ್ಷತ್ರಮೀನಿನ ಬಳಿ ಜಗಳ ಏಳುತ್ತದೆ, ಏಕೆಂದರೆ ಮರಿ ದ್ವಿಪಾರ್ಶ್ವ (ಎಡ-ಬಲ ಸಮ), ಬೆಳೆದದ್ದು ಪಂಚಾರ (ನಡುವಿನಿಂದ ಐದು ಸಮ ಭಾಗ). ತೀರ್ಪು ಕೊಡಲು ಅವಸರ ಮಾಡಬೇಡಿ.